ಎಸ್ಟೋನಿಯಾದವರಿಗೆ ಕ್ಯಾಮೆರಾ, ನಮಗೆ ಊಟಿ!

ಊಟಿ ಅಂದ ಕೂಡಲೇ ನಮ್ಮ ಕನ್ನಡಿಗರಿಗೆ ನೆನಪಾಗೋದು ಮೂರೇ: ಹನಿಮೂನು, ಚಾಕಲೇಟು, ಸಿನಿಮಾ ಹಾಡು. ಹಾಡಿನಲ್ಲಿ ನಾಯಕ ನಾಯಕಿ ಓಡುವ ಆ ಹಸಿರು ಇಳಿಜಾರು ಯಾರದೋ ಟೀ ತೋಟ. ಹಿಂದೆ ಮಸುಕಾಗಿ ಕಾಣುವ ಸಾಲುಮನೆಗಳು ಯಾವುದೋ ಬಡಗರ ಹಟ್ಟಿ. ಎಷ್ಟೋ ದಶಕಗಳಿಂದ ಆ ಹಟ್ಟಿ ನಮ್ಮ ಪರದೆಯ ಮೇಲಿದೆ, ಒಂದೇ ಒಂದು ಮಾತೂ ಆಡದೆ!

2023ರ ಮಾರ್ಚ್‌ನಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್'ಗೆ ಆಸ್ಕರ್ ಬಂತು. ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ರಾತ್ರೋರಾತ್ರಿ ಜಗತ್ತಿಗೇ ಪರಿಚಯವಾದರು. ಚಿತ್ರ ಚೆನ್ನಾಗಿದೆ, ನನ್ನ ತಕರಾರು ಅದರ ಮೇಲಲ್ಲ. ತಕರಾರು ನಮ್ಮ ಮೇಲೆ. ಅವರು ಕಾಟುನಾಯಕರು. ಅವರ ಮನೆಮಾತು ಜೇನುಕುರುಬರ ಮಾತಿಗೆ ಹತ್ತಿರ, ಕನ್ನಡಕ್ಕೂ ದೂರವಲ್ಲ. ಬಂಡೀಪುರದ ಗೇಟು ದಾಟಿದರೆ ಸಿಗುವ ಊರು ಅದು. ಆನೆಮರಿಯನ್ನು ನೋಡಿ ಕಣ್ಣೀರು ಹಾಕಿದ ನಾವು, ಇವರು ಮನೆಯಲ್ಲಿ ಯಾವ ಮಾತು ಆಡುತ್ತಾರೆ, ಮಕ್ಕಳು ಯಾವ ಭಾಷೆಯ ಶಾಲೆಗೆ ಹೋಗುತ್ತಾರೆ ಅಂತ ಕೇಳಿದೆವಾ?

ಈಗ ಎಸ್ಟೋನಿಯಾಕ್ಕೆ ಬನ್ನಿ. ನಮ್ಮ ಶಾಲೆಗಳಿಗೂ ಆ ದೇಶಕ್ಕೂ ಏನು ಸಂಬಂಧ ಅನ್ನಬೇಡಿ, ಇದೆ. ಇಡೀ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಮೇಲೆ "ನಾವು ಯಾರು, ನಮಗೇನಾಯ್ತು" ಅಂತ ಅವರು ತಾವೇ ಕ್ಯಾಮೆರಾ ಹಿಡಿದು ಕೇಳಿಕೊಂಡರು. ಯಾಕ್ ಕಿಲ್ಮಿ ಮತ್ತು ಕಿಯೂರ್ ಆರ್ಮಾ 2009ರಲ್ಲಿ ಮಾಡಿದ 'ಡಿಸ್ಕೊ ಅಂಡ್ ಅಟಾಮಿಕ್ ವಾರ್' ಇದೆ. ಸೋವಿಯತ್ ಕಾಲದಲ್ಲಿ ಉತ್ತರ ಎಸ್ಟೋನಿಯಾದ ಜನ ಆಂಟೆನಾ ತಿರುಗಿಸಿ ಕದ್ದು ಫಿನ್ಲೆಂಡಿನ ಟಿವಿ ನೋಡುತ್ತಿದ್ದ ಕಥೆ. ಸಿಗ್ನಲ್ ಸಿಗದ ದಕ್ಷಿಣದ ನೆಂಟರಿಗೆ 'ಡಲ್ಲಾಸ್' ಧಾರಾವಾಹಿಯ ಕಥೆಯನ್ನು ಕಾಗದದಲ್ಲಿ ಬರೆದು ಕಳಿಸುತ್ತಾರೆ! ಅಷ್ಟು ಸಣ್ಣ ಸಂಗತಿಯಿಂದ ಒಂದು ಸಾಮ್ರಾಜ್ಯ ಹೇಗೆ ಒಳಗಿಂದ ಟೊಳ್ಳಾಯಿತು ಅಂತ ನಗಿಸುತ್ತಲೇ ಹೇಳುತ್ತಾರೆ. ಇನ್ನೊಂದು ಆನಾ ಹಿಂಟ್ಸ್ ಅವರ 'ಸ್ಮೋಕ್ ಸೌನಾ ಸಿಸ್ಟರ್‌ಹುಡ್'. 2023ರ ಸನ್‌ಡಾನ್ಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ದಕ್ಷಿಣದ ವೋರು ಸೀಮೆಯ ಹೆಂಗಸರು ಬಿಸಿ ಹಬೆಯ ಕೋಣೆಯಲ್ಲಿ ಕೂತು ತಮ್ಮ ಬಾಳಿನ ಕಷ್ಟ ಹೇಳಿಕೊಳ್ಳುತ್ತಾರೆ, ಅಷ್ಟೆ. ವೋರು ಮಾತನ್ನು ಎಸ್ಟೋನಿಯನ್ನಿನ ಉಪಭಾಷೆ ಅನ್ನುವವರಿದ್ದಾರೆ, ಬೇರೆಯೇ ಭಾಷೆ ಅನ್ನುವವರೂ ಇದ್ದಾರೆ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ಆದರೆ ಅವರನ್ನು ತಲೆ ಮೇಲೆ ಹೊತ್ತು ಕುಣಿಯೋದೂ ಬೇಡ. ಅಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನರ ತಾಯ್ನುಡಿ ರಷ್ಯನ್. 2024ರ ಸೆಪ್ಟೆಂಬರ್‌ನಿಂದ ರಷ್ಯನ್ ಮಾಧ್ಯಮದ ತರಗತಿಗಳನ್ನು ಹಂತಹಂತವಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಬದಲಿಸುತ್ತಿದ್ದಾರೆ, ಮೊದಲು ಒಂದು ಮತ್ತು ನಾಲ್ಕನೇ ತರಗತಿ. 2006ರ ತಮಿಳು ಕಲಿಕೆ ಕಾಯ್ದೆಯ ಬಿಸಿ ಕಂಡ ನಮ್ಮ ಮೇಷ್ಟ್ರುಗಳಿಗೆ ನಾರ್ವಾ ಪಟ್ಟಣದ ರಷ್ಯನ್ ಮೇಷ್ಟ್ರ ಸಂಕಟ ವಿವರಿಸಬೇಕಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ಆ ಜಗಳವೂ ಸಾಕ್ಷ್ಯಚಿತ್ರಗಳ ವಸ್ತು.

ಇನ್ನು ನಮ್ಮ ಬೆಟ್ಟದ 1991. ಅದೇ ಸೋವಿಯತ್ ಒಕ್ಕೂಟ ನೀಲಗಿರಿ ಟೀಯ ದೊಡ್ಡ ಗಿರಾಕಿ. ರೂಪಾಯಿ ಲೆಕ್ಕದ ವ್ಯಾಪಾರ, ಗುಣಮಟ್ಟದ ಬಗ್ಗೆ ಹೆಚ್ಚು ಕೇಳುತ್ತಿರಲಿಲ್ಲ, ಕೊಟ್ಟಿದ್ದನ್ನು ಕೊಂಡರು. ಒಕ್ಕೂಟ ಒಡೆಯಿತು, ಆ ವ್ಯವಸ್ಥೆಯೂ ಒಡೆಯಿತು. 1998ರಲ್ಲಿ ರೂಬಲ್ ಕುಸಿಯಿತು. ಜೊತೆಗೆ ಅತಿ ಉತ್ಪಾದನೆ, ಕಳಪೆ ಎಲೆ. ದಶಕದ ಕೊನೆಗೆ ಹಸಿರೆಲೆಯ ಬೆಲೆ ನೆಲ ಕಚ್ಚಿತು. ಆಲೂಗೆಡ್ಡೆ ಬಿಟ್ಟು ಟೀ ಹಾಕಿದ್ದ ಸಣ್ಣ ಬೆಳೆಗಾರರು, ಅವರಲ್ಲಿ ಬಹುಪಾಲು ಬಡಗರು, ಬೀದಿಗಿಳಿದರು. ಮಾಸ್ಕೋದಲ್ಲಿ ಬಾವುಟ ಇಳಿದದ್ದಕ್ಕೆ ಕೋಟಗಿರಿಯ ಹಟ್ಟಿಯಲ್ಲಿ ಮಗಳ ಕಾಲೇಜು ಫೀಸು ನಿಂತಿತು ಅಂದರೆ ಇದಕ್ಕಿಂತ ಸಿನಿಮಾ ಕಥೆ ಬೇಕಾ?

ಇನ್ನೂ ಒಂದಿದೆ. ಊಟಿಯ ಇಂದು ನಗರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಂಪನಿ, 1967ರಿಂದ ಉತ್ಪಾದನೆ. 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮು, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು. ನಿಮ್ಮ ಶಾಲೆಯ ಹಳೇ ಗ್ರೂಪ್ ಫೋಟೋ ಅದರಲ್ಲೇ ತೆಗೆದಿದ್ದಿರಬಹುದು. ಉದಾರೀಕರಣ ಬಂತು, ವಿದೇಶಿ ಫಿಲ್ಮು ಬಂತು, ಆಮೇಲೆ ಫಿಲ್ಮೇ ಬೇಡದ ಡಿಜಿಟಲ್ ಬಂತು. ತೊಂಬತ್ತರ ದಶಕದ ನಡುವೆ ರೋಗಗ್ರಸ್ತ ಅಂತ ಘೋಷಣೆ, 2014ರಲ್ಲಿ ಉಳಿದವರನ್ನೂ ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಲು ಕೇಂದ್ರ ಸಂಪುಟದ ಒಪ್ಪಿಗೆ. ದೇಶಕ್ಕೆಲ್ಲ ಫಿಲ್ಮು ಮಾಡಿಕೊಟ್ಟ ಊರು ಅದು. ಆ ಊರಿನ ಬಗ್ಗೆ ನಮ್ಮ ಮಕ್ಕಳ ಮುಂದೆ ಇಡಬಹುದಾದ ಒಂದು ಕನ್ನಡ ಸಾಕ್ಷ್ಯಚಿತ್ರ ಎಲ್ಲಿ?

ಇಲ್ಲಿ ನಮ್ಮ ಭಾಷಣಕಾರರು ಎದ್ದು ನಿಲ್ಲುತ್ತಾರೆ, ಗೊತ್ತು. "ಬಡಗ ಕನ್ನಡವೇ ಸಾರ್, ಅವರು ನಮ್ಮವರೇ!" ಹೌದು, ಜನಗಣತಿ ಬಡಗವನ್ನು ಕನ್ನಡದ ಕೆಳಗೇ ಬರೆಯುತ್ತದೆ, 2011ರಲ್ಲಿ ಸುಮಾರು 1.33 ಲಕ್ಷ ಮಂದಿ. ಆದರೆ ತಮ್ಮದು ಸ್ವತಂತ್ರ ಭಾಷೆ ಅಂತ ಹೇಳುವ ಬಡಗರು ಬಹಳ. ಅವರ ಭಾಷೆಗೆ 1992ರಲ್ಲಿ ದಪ್ಪನೆಯ ನಿಘಂಟು ಬಂತು. ಮಾಡಿದವರು ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರಾಯಚೂರ್. ಅರ್ಥ ಕೊಟ್ಟದ್ದು ಇಂಗ್ಲಿಷಿನಲ್ಲಿ. ವೇದಿಕೆಯಲ್ಲಿ "ನಮ್ಮವರು" ಅನ್ನೋದು ಸುಲಭ, ಅವರ ಮಾತು ಕೂತು ಕೇಳೋದು ಕಷ್ಟ. ಭಾಷೆಯೋ ಉಪಭಾಷೆಯೋ ಅಂತ ತೀರ್ಪು ಕೊಡಲು ನಮ್ಮನ್ನು ಯಾರೂ ಕರೆದಿಲ್ಲ. ಹಾಗೇ ಗೂಡಲೂರಿನಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಸಿಲೋನಿನಿಂದ ಬಂದು ಸರ್ಕಾರಿ ಟೀ ತೋಟಕ್ಕೆ ಸೇರಿದ ತಮಿಳರಿದ್ದಾರೆ. ಅಲ್ಲಿ ಇಂಡಿಯಾದವರು, ಇಲ್ಲಿ ಸಿಲೋನಿನವರು ಅನ್ನಿಸಿಕೊಂಡವರು. ಅವರ ಕಥೆ ಕನ್ನಡ ಅಲ್ಲ ಅಂತ ನಾವು ಕಿವಿ ಮುಚ್ಚಿಕೊಂಡರೆ, ನಾಳೆ ನಮ್ಮ ಶಾಲೆಯ ಕಥೆ ತಮಿಳು ಅಲ್ಲ ಅಂತ ಅವರು ಕಿವಿ ಮುಚ್ಚಿಕೊಂಡಾಗ ದೂರಬಾರದು.

ಕರ್ನಾಟಕ ಸರ್ಕಾರಕ್ಕೆ ಊಟಿ ಗೊತ್ತಿಲ್ಲ ಅಂತಲೂ ಅಲ್ಲ. ಫರ್ನ್‌ಹಿಲ್‌ನಲ್ಲಿ ತೋಟಗಾರಿಕೆ ಇಲಾಖೆಯ ದೊಡ್ಡ ಉದ್ಯಾನವೇ ಇದೆ. ಹೂವಿಗೆ ದುಡ್ಡು ಹುಟ್ಟುತ್ತದೆ, ಮಾತಿಗೆ ಹುಟ್ಟೋದಿಲ್ಲ!

ಅದಕ್ಕೇ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನ ಕೇಳಿಕೆ. ಈ ಸಲ ಊಟಿಗೆ ಶಾಲಾ ಪ್ರವಾಸ ಹೊರಟರೆ ಬೊಟಾನಿಕಲ್ ಗಾರ್ಡನ್ನಿನಲ್ಲಿ ಒಂದು ಗಂಟೆ ಕಡಿಮೆ ಮಾಡಿ. ಬಸ್ಸನ್ನು ಇಂದು ನಗರದ ಕಡೆ ತಿರುಗಿಸಿ. ನಿವೃತ್ತ ಕಾರ್ಮಿಕರೊಬ್ಬರನ್ನು ಮೊದಲೇ ಮಾತಾಡಿಸಿ ಒಪ್ಪಿಸಿರಿ. ನಿಮ್ಮ ಜೇಬಿನ ಮೊಬೈಲಿನಲ್ಲೇ ಕ್ಯಾಮೆರಾ ಇದೆ, ಅದನ್ನು ಎಂಟನೇ ತರಗತಿಯ ಹುಡುಗಿಯ ಕೈಗೆ ಕೊಡಿ. ಅವರು ತಮಿಳಿನಲ್ಲಿ ಹೇಳಲಿ, ಬಡಗದಲ್ಲಿ ಹೇಳಲಿ, ತಡೆಯಬೇಡಿ. ಕತ್ತಲೆ ಕೋಣೆಯಲ್ಲಿ ಫಿಲ್ಮಿಗೆ ಲೇಪನ ಹಾಕುವಾಗ ಕಣ್ಣು ಕಾಣದೆ ಕೈ ಹೇಗೆ ಕೆಲಸ ಮಾಡುತ್ತಿತ್ತು ಅಂತ ಆ ಹುಡುಗಿಯೇ ಕೇಳಲಿ. ಕನ್ನಡದಲ್ಲಿ ಅಡಿಬರಹ ಹಾಕುವ ಕೆಲಸ ಮಾತ್ರ ನಮ್ಮ ತರಗತಿಗಳದು.