ರೈಟ್ಸ್ ಇಶ್ಯೂ: ದುಡ್ಡು ಹಾಕಿ, ಇಲ್ಲಾ ಮಾರಿ, ಸುಮ್ಮನಂತೂ ಕೂರಬೇಡಿ

ನಮ್ಮೂರಿನ ಅಡಿಕೆ ಬೆಳೆಗಾರರೊಬ್ಬರು ಮೊಬೈಲ್ ಮುಂದೆ ಹಿಡಿದು, "ಇದು ಮೋಸದ ಮೆಸೇಜಾ ನೋಡಿ" ಅಂದರು. ಅವರ ಡಿಮ್ಯಾಟ್ ಖಾತೆಗೆ, ಷೇರು ಇರುವ ಕಂಪನಿಯ ಹೆಸರಿನ ಜೊತೆ 'ಆರ್‌ಇ' ಎಂದು ಬರೆದದ್ದೇನೋ ಜಮೆಯಾಗಿತ್ತು. ಮೋಸವೇನಲ್ಲ, ರೈಟ್ಸ್ ಇಶ್ಯೂ. ಆದರೆ ಕೊನೆಯ ದಿನ ದಾಟಿ ನಾಲ್ಕು ದಿನವಾಗಿತ್ತು. ಹಕ್ಕು ರದ್ದು.

ಕಂಪನಿಗೆ ಬಂಡವಾಳ ಬೇಕಾದಾಗ, ಈಗಾಗಲೇ ಷೇರು ಇರುವವರಿಗೇ ಮೊದಲು ಹೊಸ ಷೇರು ಕೊಡುವುದು ರೈಟ್ಸ್ ಇಶ್ಯೂ. ಸಾಮಾನ್ಯವಾಗಿ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ. 'ಕಡಿಮೆ ಬೆಲೆ' ಅಂದಕೂಡಲೇ ಲಾಭ ಅಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡೋಣ.

ನಿಮ್ಮಲ್ಲಿ 100 ರೂಪಾಯಿಯ 4 ಷೇರು ಇವೆ ಅಂತಿಟ್ಟುಕೊಳ್ಳಿ. ಕಂಪನಿ 4ಕ್ಕೆ 1ರಂತೆ 60 ರೂಪಾಯಿಗೆ ಹೊಸದು ಕೊಡುತ್ತದೆ. ತಗೊಂಡರೆ 460 ರೂಪಾಯಿಗೆ 5 ಷೇರು, ಒಂದಕ್ಕೆ 92. ಹಳೆಯ ಷೇರಿನ ಬೆಲೆಯೂ ಹೆಚ್ಚುಕಮ್ಮಿ ಅಲ್ಲಿಗೇ ಇಳಿಯುತ್ತದೆ. ಹೊಸದರಲ್ಲಿ 32 ರೂಪಾಯಿ ಬಂತು, ಹಳೆಯ ನಾಲ್ಕರಲ್ಲಿ ಎಂಟೆಂಟರಂತೆ ಅದೇ 32 ಹೋಯಿತು. ಎಡಗೈ ದುಡ್ಡು ಬಲಗೈಗೆ ಬಂತು, ಅಷ್ಟೆ. ಸುಮ್ಮನೆ ಕೂತವರಿಗೆ ಎಡಗೈಯದು ಹೋಗುತ್ತದೆ, ಬಲಗೈಗೆ ಏನೂ ಬರುವುದಿಲ್ಲ.

ದುಡ್ಡಿಲ್ಲದವರಿಗೂ ದಾರಿ ಇದೆ. ಆ ಆರ್‌ಇ ಅಂದರೆ ನಿಮ್ಮ ಹಕ್ಕು. ಅದನ್ನು ಷೇರಿನಂತೆಯೇ ಮಾರಬಹುದು. 2020ರಲ್ಲಿ ಸೆಬಿ ನಿಯಮ ಬದಲಾದ ಮೇಲೆ ಇದು ನೇರ ಡಿಮ್ಯಾಟ್‌ಗೇ ಬರುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ರಿಲಯನ್ಸ್ 15ಕ್ಕೆ 1ರಂತೆ 1,257 ರೂಪಾಯಿಗೆ ಷೇರು ಕೊಟ್ಟು 53,124 ಕೋಟಿ ಎತ್ತಿದಾಗ, ದುಡ್ಡು ಹಾಕದ ಎಷ್ಟೋ ಜನ ಆರ್‌ಇ ಮಾರಿದರು. ನೆನಪಿರಲಿ, ಮಾರುವ ಗಡುವು ಅರ್ಜಿಯ ಗಡುವಿಗಿಂತ ಕೆಲವು ದಿನ ಮೊದಲೇ ಮುಗಿಯುತ್ತದೆ. ಆರ್‌ಇ ಖಾತೆಯಲ್ಲಿದೆ ಅಂದಮಾತ್ರಕ್ಕೆ ಷೇರು ಬರುವುದೂ ಇಲ್ಲ, ಅರ್ಜಿ ಹಾಕಿ ದುಡ್ಡು ಕಟ್ಟಲೇಬೇಕು.

ಹಾಗಾದರೆ ಹಾಕಬೇಕೋ ಬೇಡವೋ? ನಾವು ಕೇಳುವ ಪ್ರಶ್ನೆ ಒಂದೇ: ಈ ದುಡ್ಡು ಯಾಕೆ ಬೇಕಂತೆ? ಹೊಸ ಕಾರ್ಖಾನೆಗೋ, ಹಳೇ ಸಾಲದ ಬಾಯಿಗೋ? ವೊಡಾಫೋನ್ ಐಡಿಯಾ 2019ರ ಏಪ್ರಿಲ್‌ನಲ್ಲಿ 12.50 ರೂಪಾಯಿಗೆ ಷೇರು ಕೊಟ್ಟು 25,000 ಕೋಟಿ ಎತ್ತಿತು. ಆಗಿನ ಮಾರುಕಟ್ಟೆ ಬೆಲೆಗೆ ಅದು ಬಹಳ ಅಗ್ಗ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಎಜಿಆರ್ ತೀರ್ಪು ಬಂತು, ನವೆಂಬರ್‌ನಲ್ಲಿ ಷೇರು 5 ರೂಪಾಯಿಗಿಂತ ಕೆಳಗೆ. ಅಗ್ಗ ಅಂತ ಹೋದವರು ಅತ್ತರು. ಹೊಸದಾಗಿ ಈ ಕಂಪನಿಯ ಷೇರು ಕೊಳ್ಳಲು ಮನಸ್ಸಿಲ್ಲದಿದ್ದರೆ, ಹಳೆಯ ನಂಟಿಗಾಗಿ ದುಡ್ಡು ಹಾಕಬೇಡಿ. ಚಿನ್ನ ಅಡವಿಟ್ಟಂತೂ ಬೇಡವೇ ಬೇಡ.

ನಮ್ಮ ಸಿಟ್ಟು ಇರುವುದು ಬೇರೆ ಕಡೆ. ರೈಟ್ಸ್ ಇಶ್ಯೂ ಜಾಹೀರಾತು ಇಂಗ್ಲಿಷ್, ಹಿಂದಿ ಮತ್ತು ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲಿ ಬಂದರೆ ಸಾಕು ಎಂಬುದು ನಿಯಮ. ಮುಂಬೈ ಕಂಪನಿಯಾದರೆ ಮರಾಠಿಯಲ್ಲಿ. ಷೇರುದಾರ ಶಿರಸಿಯಲ್ಲಿದ್ದರೆ? ಇಂಗ್ಲಿಷ್ ಇಮೇಲ್ ಬಂದು ಬೀಳುತ್ತದೆ, ಅದೂ ಹತ್ತು ವರ್ಷದ ಹಿಂದೆ ಮಗ ಮಾಡಿಕೊಟ್ಟ ವಿಳಾಸಕ್ಕೆ. 'ಇಂಥ ದಿನದೊಳಗೆ ಕಟ್ಟಿ ಅಥವಾ ಮಾರಿ' ಎಂದು ಕನ್ನಡದಲ್ಲಿ ಎರಡು ಸಾಲಿನ ಎಸ್ಎಂಎಸ್ ಕಳಿಸಲು ಎಷ್ಟು ಖರ್ಚಾಗುತ್ತದೆ?

ಅಪ್ಪನ ಕಾಲದ ಕಾಗದದ ಸರ್ಟಿಫಿಕೇಟ್ ಟ್ರಂಕಿನಲ್ಲೇ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. ಗಡುವಿನೊಳಗೆ ಡಿಮ್ಯಾಟ್ ವಿವರ ಕೊಡದಿದ್ದರೆ ಅವರ ಹಕ್ಕು ಅವರ ಕೈಗೆ ಬರುವುದೇ ಇಲ್ಲ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರೇ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ, ವಾಪಸ್ ಪಡೆಯಲು ಅರ್ಜಿ ಹಿಡಿದು ಅಲೆಯಬೇಕು. ಈ ಭಾನುವಾರ ಟ್ರಂಕ್ ತೆಗೆದು ನೋಡಿ. ಫೋಲಿಯೋ ನಂಬರ್ ಬರೆದಿಟ್ಟುಕೊಳ್ಳಿ, ಈಗಿನ ಮೊಬೈಲ್ ನಂಬರನ್ನು ಕಂಪನಿಯ ರಿಜಿಸ್ಟ್ರಾರ್‌ಗೆ ತಿಳಿಸಿ.