ಪುಸ್ತಕದಂಗಡಿಯೂ ಕಾಯಕವೇ

ವಚನಗಳು ಮನೆಮನೆಗೆ ಮುಟ್ಟಬೇಕೆಂದು ವೇದಿಕೆಗಳಲ್ಲಿ ಹೇಳುತ್ತಲೇ ಇದ್ದೇವೆ. ಅವನ್ನು ಮಾರುವ ಅಂಗಡಿಯೊಂದು ನಮ್ಮ ಆಲ್ದೂರಿನಂಥ ಊರಿನಲ್ಲಿ ಬದುಕಲು ಏನು ಬೇಕೆಂದು ಲೆಕ್ಕ ಹಾಕಿದ್ದೇವೆಯೇ?

200 ರೂಪಾಯಿಯ ಪುಸ್ತಕದಲ್ಲಿ ಪ್ರಕಾಶಕರು ಶೇ. 30 ಬಿಟ್ಟರೆ ಅಂಗಡಿಯವರಿಗೆ ದಕ್ಕುವುದು 60 ರೂಪಾಯಿ. ಬಾಡಿಗೆ, ಸಾಗಣೆ, ಕರೆಂಟು ಸೇರಿ ತಿಂಗಳ ಖರ್ಚು 6,000 ಎಂದಿಟ್ಟುಕೊಂಡರೆ, 100 ಪುಸ್ತಕ ಮಾರಿದಾಗ ಖರ್ಚಷ್ಟೇ ಹುಟ್ಟುತ್ತದೆ. ಮಲೆನಾಡಿನ ಮಳೆಗೆ ಬೂಷ್ಟು ಹಿಡಿದ ಪ್ರತಿಗಳ ನಷ್ಟ ಬೇರೆ. ಇದರ ಮೇಲೆ ನಾವು ರಿಯಾಯಿತಿ ಕೇಳುತ್ತೇವೆ. ಇಲ್ಲವೇ ಮಠದಲ್ಲಿ ಪುಕ್ಕಟೆ ಹಂಚುವವರೆಗೆ ಕಾಯುತ್ತೇವೆ.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದ ಫ.ಗು. ಹಳಕಟ್ಟಿಯವರು ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಇಂದಿನ ಅಂಗಡಿಯವರೂ ಹಾಗೆಯೇ ಮಾಡಲಿ ಎನ್ನುವುದು ನ್ಯಾಯವಲ್ಲ. ದಾಸೋಹವನ್ನು ನಮ್ಮ ದುಡಿಮೆಯಿಂದ ಮಾಡಬೇಕು, ಇನ್ನೊಬ್ಬರ ಕಾಯಕದ ಫಲ ಕತ್ತರಿಸಿ ಅಲ್ಲ.

ದಾರಿ ಕಷ್ಟದ್ದೇನಲ್ಲ. ಮದುವೆ, ಗೃಹಪ್ರವೇಶ, ಬಸವ ಜಯಂತಿಗಳಲ್ಲಿ ಶಾಲು-ಹಾರದ ಬದಲು ಪುಸ್ತಕ ಕೊಡೋಣ. 50 ಮನೆಗಳು ತಿಂಗಳಿಗೆ ಎರಡರಂತೆ ಕೊಂಡರೆ ಆ 100 ತುಂಬುತ್ತದೆ. ಮಠಗಳು ತಾವು ಹಂಚುವ ಪುಸ್ತಕಗಳನ್ನೂ ಊರಿನ ಅಂಗಡಿಯಲ್ಲೇ ಪೂರ್ಣ ಬೆಲೆಗೆ ಕೊಂಡರೆ ಅಂಗಡಿಯವರ ಮನೆಯ ಒಲೆಯೂ ಉರಿಯುತ್ತದೆ. ಪೂಜ್ಯರು, ಶರಣಬಂಧುಗಳು ಮುಂದಿನ ಬಸವ ಜಯಂತಿಯಿಂದಲೇ ಇದನ್ನು ಆರಂಭಿಸಲಿ.