ಗಿಟಾರ್ ಕೊಳ್ಳಲು ಹೋಗುವಾಗ ಜೇಬಿನಲ್ಲೊಂದು ಸ್ಕೇಲ್ ಇರಲಿ

ವಾರ್ಷಿಕ ಪರೀಕ್ಷೆ ಮುಗಿದು ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಗಿಟಾರಿನ ಮಾತು ಏಳುತ್ತದೆ. 'ಒಳ್ಳೆಯ ಅಂಕ ತೆಗೆದರೆ ಕೊಡಿಸುತ್ತೇನೆ' ಎಂದು ಜನವರಿಯಲ್ಲಿ ಕೊಟ್ಟ ಮಾತನ್ನು ಅಪ್ಪ ಮರೆತಿರಬಹುದು, ಮಕ್ಕಳು ಮರೆತಿರುವುದಿಲ್ಲ. ಸರಿ, ಅಂಗಡಿಗೆ ಹೋದರೆ ಗೋಡೆಯ ತುಂಬ ಗಿಟಾರುಗಳು. ಒಂದಕ್ಕೆ ನಾಲ್ಕು ಸಾವಿರ, ಪಕ್ಕದ್ದಕ್ಕೆ ಹನ್ನೆರಡು ಸಾವಿರ. ನೋಡಲು ಎರಡೂ ಒಂದೇ. ಕೊನೆಗೆ ಮಗನಿಗೆ ಬಣ್ಣ ಹಿಡಿಸಿದ್ದು, ಅಪ್ಪನಿಗೆ ಬೆಲೆ ಹಿಡಿಸಿದ್ದು ಮನೆಗೆ ಬರುತ್ತದೆ. ಮೂರು ತಿಂಗಳಾದ ಮೇಲೆ ಅದು ಬೀರುವಿನ ಮೇಲೆ ಧೂಳು ಹಿಡಿದು ಕೂತಿರುತ್ತದೆ. 'ಇವನಿಗೆ ಎಲ್ಲದರಲ್ಲೂ ಮೂರು ದಿನದ ಉತ್ಸಾಹ' ಎಂಬ ತೀರ್ಪೂ ಹೊರಬಿದ್ದಿರುತ್ತದೆ.

ಈ ತೀರ್ಪನ್ನು ಕೊಡುವ ಮೊದಲು ಆ ಗಿಟಾರನ್ನು ಒಮ್ಮೆ ಕೆಳಗಿಳಿಸಿ ನೋಡುವುದು ಒಳ್ಳೆಯದು. ಬಹಳಷ್ಟು ಸಲ ತಪ್ಪು ಹುಡುಗನದ್ದಲ್ಲ, ತಂತಿಗೂ ಮರಕ್ಕೂ ನಡುವೆ ಇರುವ ಎರಡು ಮಿಲಿಮೀಟರಿನದು.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡವಾಗಿ ಲೋಹದ ಪಟ್ಟಿಗಳಿರುತ್ತವೆ. ವೀಣೆಯಲ್ಲಿ ಮೆಟ್ಟಿಲು ಎನ್ನುತ್ತೇವಲ್ಲ, ಅದೇ. ಇಲ್ಲಿ ಫ್ರೆಟ್ ಎನ್ನುತ್ತಾರೆ. ತಂತಿ ಈ ಫ್ರೆಟ್‌ಗಳಿಂದ ಎಷ್ಟು ಮೇಲಿದೆ ಎಂಬುದಕ್ಕೆ 'ಆ್ಯಕ್ಷನ್' ಎಂದು ಹೆಸರು. ತಂತಿ ಹೆಚ್ಚು ಮೇಲಿದ್ದರೆ ಹೆಚ್ಚು ಬಲ ಹಾಕಿ ಒತ್ತಬೇಕು. ಕಲಿಯುವ ಮೊದಲ ಕೆಲವು ವಾರ ಬೆರಳ ತುದಿ ಎಲ್ಲರಿಗೂ ನೋಯುತ್ತದೆ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಎತ್ತರದ ತಂತಿಯ ನೋವು ಹಾಗಲ್ಲ, ಅದು ಹೋಗುವುದೇ ಇಲ್ಲ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯಬೇಕಾದ 'ಎಫ್' ಕಾರ್ಡ್ ಬಂದಾಗಲಂತೂ ಕೈ ಸೋತು ಹೋಗುತ್ತದೆ. ಇನ್ನೊಂದು ಅನ್ಯಾಯವೂ ಇದೆ. ಮೇಲಿದ್ದ ತಂತಿಯನ್ನು ಕೆಳಗೆ ಒತ್ತಿದಾಗ ಅದು ಹೆಚ್ಚು ಬಿಗಿಯಾಗಿ ಸ್ವರ ತುಸು ಏರುತ್ತದೆ. ಹುಡುಗಿ ಸರಿಯಾಗಿ ನುಡಿಸಿದರೂ ಅಪಶ್ರುತಿ ಕೇಳಿಸುತ್ತದೆ. ತನಗೆ ಸಂಗೀತದ ಕಿವಿಯೇ ಇಲ್ಲವೆಂದು ಅವಳು ನಂಬಿಬಿಡುತ್ತಾಳೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಒಂದು ಸ್ಟೀಲ್ ಸ್ಕೇಲ್ ಒಯ್ಯಿರಿ. (ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗವಿರುತ್ತದೆ, ಅಳತೆ ತಪ್ಪುತ್ತದೆ.) ತಲೆಯ ಕಡೆಯಿಂದ ಎಣಿಸಿ ೧೨ನೇ ಫ್ರೆಟ್ ಹಿಡಿಯಿರಿ, ಅನೇಕ ಗಿಟಾರುಗಳಲ್ಲಿ ಅಲ್ಲಿ ಜೋಡಿ ಚುಕ್ಕೆ ಇರುತ್ತದೆ. ಫ್ರೆಟ್ಟಿನ ನೆತ್ತಿಯಿಂದ ಅತಿ ದಪ್ಪ ತಂತಿಯ ತಳಕ್ಕೆ ಎಷ್ಟು ಅಂತರವಿದೆ ನೋಡಿ. ಉಕ್ಕಿನ ತಂತಿಯಾದರೆ ೨ರಿಂದ ೨.೫ ಮಿ.ಮೀ., ನೈಲಾನ್ ತಂತಿಯಾದರೆ ೩ರಿಂದ ೪ ಮಿ.ಮೀ. ಇದ್ದರೆ ಸರಿ. ಉಕ್ಕಿನ ತಂತಿಯದರಲ್ಲೇ ನಾಲ್ಕು ಕಂಡರೆ 'ಇದನ್ನು ಇಳಿಸಿ ಕೊಡುತ್ತೀರಾ?' ಎಂದು ಕೇಳಿ. ಕುದುರೆಯ ಮೇಲಿನ ಬಿಳಿ ಪಟ್ಟಿಯ ತಳವನ್ನು ಉಜ್ಜಿ ಇಳಿಸುವುದು ಬಲ್ಲವರಿಗೆ ಸಣ್ಣ ಕೆಲಸ. 'ನುಡಿಸ್ತಾ ನುಡಿಸ್ತಾ ಸರಿಹೋಗುತ್ತೆ ಸಾರ್' ಎನ್ನುವವರ ಅಂಗಡಿಯಿಂದ ಹೊರಗೆ ಬನ್ನಿ. ಅದು ಹೊಸ ಚಪ್ಪಲಿಯಲ್ಲ.

ಇದಕ್ಕೊಂದು ಅಪವಾದವುಂಟು. ಬ್ರಿಜ್ ಭೂಷಣ್ ಕಾಬ್ರಾ, ೧೯೯೪ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರಂಥವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿದ ಗಿಟಾರಿನಲ್ಲಿ ತಂತಿ ಬೇಕೆಂದೇ ಎತ್ತರದಲ್ಲಿರುತ್ತದೆ. ಅಲ್ಲಿ ಬೆರಳಿನಿಂದ ಒತ್ತುವುದಿಲ್ಲ, ಲೋಹದ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾರೆ. ಮಕ್ಕಳಿಗೆ ಕಲಿಯಬೇಕಾದದ್ದು ಯಾವುದೆಂದು ಮೇಷ್ಟ್ರನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಪರೀಕ್ಷೆ, ನುಡಿಸಲು ಬಾರದವರೂ ಮಾಡಬಹುದಾದದ್ದು. ೧೨ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳನ್ನು ಸುಮ್ಮನೆ ತಾಗಿಸಿ, ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂಥ ನಾದ ಬರುತ್ತದೆ. ಈಗ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಇಮ್ಮಡಿಯಾಗುತ್ತದೆಂದು ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದು ನೆನಪಿದೆಯೇ? ಷಡ್ಜದಿಂದ ತಾರ ಷಡ್ಜಕ್ಕೆ ಹೋಗುವ ಆ ಅರ್ಧದ ಜಾಗವೇ ಈ ೧೨ನೇ ಫ್ರೆಟ್. ಇಲ್ಲಿ ತಪ್ಪಿದ ಗಿಟಾರನ್ನು ಎಷ್ಟು ಶ್ರುತಿ ಮಾಡಿದರೂ ಪ್ರಯೋಜನವಿಲ್ಲ. ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಮೊಬೈಲಿನ ಟ್ಯೂನರ್ ಹೇಳುತ್ತದೆ. ಆಮೇಲೆ ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ ಮೀಟುತ್ತ ಹೋಗಿ. ಜೀರುಂಡೆಯಂತೆ ಗಿರ್ರೆನ್ನುವ ಜಾಗಗಳಿದ್ದರೆ ತಂತಿ ಅತಿಯಾಗಿ ಇಳಿದಿದೆ, ಇಲ್ಲವೇ ಫ್ರೆಟ್‌ಗಳು ಒಂದೇ ಮಟ್ಟದಲ್ಲಿಲ್ಲ.

ಉಕ್ಕೋ ನೈಲಾನೋ? ಸಿನಿಮಾ ಹಾಡಿಗೆ ಕಾರ್ಡ್ ಹಾಕಿಕೊಂಡು ಹಾಡುವ ಆಸೆಯಿದ್ದರೆ ಉಕ್ಕಿನದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗ್ರೇಡ್ ಪರೀಕ್ಷೆಗೆ ಕೂರುವವರಿಗೆ ನೈಲಾನಿನದು; ಅದು ಬೆರಳಿಗೂ ಮೃದು, ಕತ್ತು ಮಾತ್ರ ಅಗಲ. ನೈಲಾನಿನ ಗಿಟಾರಿಗೆ ಉಕ್ಕಿನ ತಂತಿ ಏರಿಸುವ ಸಾಹಸ ಯಾರೂ ಮಾಡಬಾರದು. ಉಕ್ಕಿನ ಆರು ತಂತಿಗಳ ಒಟ್ಟು ಸೆಳೆತ ೭೦ ಕಿಲೋ ತೂಕದಷ್ಟು. ಅದನ್ನು ತಡೆಯಲಾರದೆ ಕುದುರೆ ಕಿತ್ತು ಬರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಮುಕ್ಕಾಲು ಅಥವಾ ಅರ್ಧ ಅಳತೆಯ ಗಿಟಾರ್ ಸಿಗುತ್ತದೆ. 'ಬೆಳೆಯುವ ಹುಡುಗ, ದೊಡ್ಡದೇ ಇರಲಿ' ಎಂಬ ಲೆಕ್ಕ ಶಾಲೆಯ ಯೂನಿಫಾರಂಗೆ ಸರಿ, ಇದಕ್ಕಲ್ಲ.

ಮರದ ವಿಷಯದಲ್ಲಿ ಅಂಗಡಿಯವರ ಮಾತು ಜಾಸ್ತಿ. 'ರೋಸ್‌ವುಡ್ ಸಾರ್' ಎಂದರೆ ನಮ್ಮ ಬೀಟೆ ಮರ. ೧೯೬೯ರಲ್ಲಿ ಅಮೆರಿಕದ ಮಾರ್ಟಿನ್ ಕಂಪೆನಿ ಬ್ರೆಜಿಲಿನ ರೋಸ್‌ವುಡ್ಡಿನಿಂದ ಭಾರತದ ಬೀಟೆಗೆ ಬಂದಾಗಿನಿಂದ ಪಶ್ಚಿಮ ಘಟ್ಟದ ಈ ಮರಕ್ಕೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರು. ಆದರೆ ಅಗ್ಗದ ಗಿಟಾರಿನಲ್ಲಿ ಅದು ಪ್ಲೈವುಡ್ಡಿನ ಮೇಲಿನ ತೆಳು ಹಾಳೆ ಅಷ್ಟೆ. ನಾದಕ್ಕೆ ಮುಖ್ಯವಾದದ್ದು ಬೆನ್ನಲ್ಲ, ಮುಂದಿನ ಹಲಗೆ. ಅದು ಸ್ಪ್ರೂಸ್ ಮರದ ಇಡೀ ಹಲಗೆಯೋ ಪ್ಲೈಯೋ ತಿಳಿಯಲು ನಡುವಿನ ಗುಂಡು ತೂತಿನ ಅಂಚನ್ನು ನೋಡಿ. ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಮುಂದುವರಿದಿದ್ದರೆ ಇಡೀ ಮರ. ಪದರ ಪದರವಾಗಿ ಕಂಡರೆ ಪ್ಲೈ. ಇಡೀ ಹಲಗೆಯ ನಾದ ಚೆನ್ನ, ಬೆಲೆಯೂ ಹೆಚ್ಚು. ಹಾಗೆಂದು ಮೊದಲ ಗಿಟಾರಿಗೆ ಪ್ಲೈ ಎಂದರೆ ಮೂಗು ಮುರಿಯಬೇಕಾಗಿಲ್ಲ. ಮಂಗಳೂರಿನ ಮಳೆಗಾಲವನ್ನೂ ರಾಯಚೂರಿನ ಬೇಸಿಗೆಯನ್ನೂ ಅದೇ ಹೆಚ್ಚು ತಾಳುತ್ತದೆ. ಪ್ಲೈ ಆದರೂ ತಂತಿ ತಗ್ಗಿನಲ್ಲಿರುವ ಗಿಟಾರು, ಇಡೀ ಮರದ್ದಾದರೂ ಬೆರಳು ಕೊಯ್ಯುವ ಗಿಟಾರಿಗಿಂತ ಎಷ್ಟೋ ಮೇಲು.

ಎಷ್ಟು ಖರ್ಚು ಮಾಡಬೇಕು? ಇಟ್ಟ ಹಣವೆಲ್ಲ ಗಿಟಾರಿಗೇ ಹೋಗದಿರಲಿ. ಚೀಲ, ಹೆಚ್ಚುವರಿ ತಂತಿ, ತಂತಿ ಇಳಿಸುವ ಕೂಲಿ ಇವಕ್ಕೆ ಸ್ವಲ್ಪ ಉಳಿಸಿಕೊಳ್ಳಿ. ಊರಿನಲ್ಲಿ ಅಂಗಡಿಯಿಲ್ಲದೆ ಆನ್‌ಲೈನಿನಲ್ಲಿ ತರಿಸುವವರು, ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ಮೊದಲು ಓದಿ. ಪೆಟ್ಟಿಗೆ ಬಂದ ದಿನವೇ ಸ್ಕೇಲ್ ಹಿಡಿದು ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ.